ಫಾರ್ಮಾಸಿಸ್ಟ್ ನೋಂದಣಿ ನವೀಕರಣ: ಗೋಡೆಯ ಮೇಲಿನ ಪ್ರಮಾಣಪತ್ರಕ್ಕೆ ರಸೀದಿಯೇ ಆಧಾರ

ಔಷಧ ಅಂಗಡಿಗೆ ಹೋದವರು ಸಾಮಾನ್ಯವಾಗಿ ನೋಡುವುದು ಮಾತ್ರೆಯ ಪಟ್ಟಿಯನ್ನು, ಅದರ ಬೆಲೆಯನ್ನು, ಹೆಚ್ಚೆಂದರೆ ಅವಧಿ ಮುಗಿಯುವ ದಿನಾಂಕವನ್ನು. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಕಡೆಗೆ ಕಣ್ಣು ಹಾಯಿಸುವವರು ವಿರಳ. ಅಲ್ಲಿ ದೇವರ ಪಟಕ್ಕೂ ಔಷಧ ಕಂಪನಿಯ ಕ್ಯಾಲೆಂಡರ್‌ಗೂ ನಡುವೆ ಗಾಜಿನ ಚೌಕಟ್ಟಿನೊಳಗೆ ಎರಡು ಬಗೆಯ ಕಾಗದಗಳಿರುತ್ತವೆ. ಒಂದು, ಔಷಧ ನಿಯಂತ್ರಣಾಧಿಕಾರಿಗಳು ಅಂಗಡಿಗೆ ನೀಡಿದ ಮಾರಾಟ ಪರವಾನಗಿ. ಇನ್ನೊಂದು, ರಾಜ್ಯ ಫಾರ್ಮಸಿ ಪರಿಷತ್ತು ಒಬ್ಬ ವ್ಯಕ್ತಿಗೆ ನೀಡಿದ ಫಾರ್ಮಾಸಿಸ್ಟ್ ನೋಂದಣಿ ಪ್ರಮಾಣಪತ್ರ. ಮೊದಲನೆಯದು ಅಂಗಡಿಯದು, ಎರಡನೆಯದು ಮನುಷ್ಯನದು. ಈ ಎರಡನೆಯ ಕಾಗದ ಎಷ್ಟೇ ಹೊಳೆಯುತ್ತಿರಲಿ, ಅದರ ಜೊತೆಗೆ ನವೀಕರಣದ ರಸೀದಿ ಇಲ್ಲದಿದ್ದರೆ ಅದು ಹಳೆಯ ನೆನಪಿನ ಕಾಗದವಾಗಿ ಉಳಿದುಬಿಡಬಹುದು.

ಇದು ಉತ್ಪ್ರೇಕ್ಷೆಯಲ್ಲ, 1948ರ ಔಷಧಾಲಯ ಕಾಯ್ದೆ, ಅಂದರೆ ಫಾರ್ಮಸಿ ಕಾಯ್ದೆಯ 34ನೇ ಸೆಕ್ಷನ್ ಹೇಳುವ ಮಾತು. ವೈದ್ಯರ ಚೀಟಿ ನೋಡಿ ಔಷಧ ಕೊಡುವ ಹಕ್ಕು ಪದವಿಯಿಂದಾಗಲಿ ಡಿಪ್ಲೊಮಾದಿಂದಾಗಲಿ ತಾನಾಗಿ ಬರುವುದಿಲ್ಲ. ಅದು ಬರುವುದು ಪರಿಷತ್ತಿನ ನೋಂದಣಿ ಪುಸ್ತಕದಲ್ಲಿ ಹೆಸರಿರುವುದರಿಂದ. ಪುಸ್ತಕದಲ್ಲಿ ಹೆಸರು ಉಳಿಯುವುದು ನವೀಕರಣದಿಂದ. ಕಲಿತ ವಿದ್ಯೆಯನ್ನು ಯಾರೂ ಕಸಿದುಕೊಳ್ಳುವುದಿಲ್ಲ ನಿಜ. ಆದರೆ ಆ ವಿದ್ಯೆಯಿಂದ ಜೀವನ ನಡೆಸುವ ಅಧಿಕಾರವನ್ನು ಒಂದು ಗಡುವಿನ ದಿನಾಂಕ ಕಸಿದುಕೊಳ್ಳಬಲ್ಲದು.

ನೋಂದಣಿ ಪುಸ್ತಕ ಹುಟ್ಟಿದ್ದು ಹೇಗೆ?

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಭಾರತದಲ್ಲಿ ಔಷಧ ಯಾರು ಬೇಕಾದರೂ ಮಾರಬಹುದಾದ ಸರಕಾಗಿತ್ತು. ಆಸ್ಪತ್ರೆಗಳಲ್ಲಿ 'ಕಂಪೌಂಡರ್' ಎಂಬ ನೌಕರನಿದ್ದ. ವೈದ್ಯರು ಬರೆದ ಮಿಶ್ರಣವನ್ನು ಅಳೆದು, ಅರೆದು, ಬಾಟಲಿಗೆ ತುಂಬಿಕೊಡುವುದು ಅವನ ಕೆಲಸ. ಅವನ ಅರ್ಹತೆ ಏನಿರಬೇಕೆಂದು ದೇಶಕ್ಕೆಲ್ಲ ಅನ್ವಯಿಸುವ ನಿಯಮವಿರಲಿಲ್ಲ. ಕಲಬೆರಕೆ ಔಷಧಗಳ ದೂರುಗಳು ಹೆಚ್ಚಿದಾಗ ಬ್ರಿಟಿಷ್ ಸರ್ಕಾರ 1930ರಲ್ಲಿ ಆರ್. ಎನ್. ಚೋಪ್ರಾ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿಯನ್ನು ನೇಮಿಸಿತು. 1931ರಲ್ಲಿ ವರದಿ ನೀಡಿದ ಸಮಿತಿಯು ಔಷಧದ ಗುಣಮಟ್ಟದ ಜೊತೆಗೆ ಅದನ್ನು ಕೈಗೆತ್ತಿಕೊಡುವವನ ಶಿಕ್ಷಣಕ್ಕೂ ಕಾನೂನಿನ ಚೌಕಟ್ಟು ಬೇಕೆಂದು ಶಿಫಾರಸು ಮಾಡಿತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರ ಪ್ರಯತ್ನದಿಂದ ಔಷಧಶಾಸ್ತ್ರ ಶಿಕ್ಷಣ ಆರಂಭವಾದದ್ದು 1932ರಲ್ಲಿ. ಔಷಧದ ಗುಣಮಟ್ಟಕ್ಕಾಗಿ 1940ರಲ್ಲಿ ಡ್ರಗ್ಸ್ ಕಾಯ್ದೆ ಬಂತು. ಔಷಧ ನೀಡುವವನಿಗಾಗಿ ಕಾಯ್ದೆ ಬರಲು ಸ್ವಾತಂತ್ರ್ಯದವರೆಗೆ ಕಾಯಬೇಕಾಯಿತು. ಫಾರ್ಮಸಿ ಕಾಯ್ದೆಗೆ ಅಂಕಿತ ದೊರೆತದ್ದು 1948ರ ಮಾರ್ಚ್ 4ರಂದು.

ಆಗ ಎದುರಾದ ಪ್ರಶ್ನೆ ಸರಳವೂ ಹೌದು, ಕಠಿಣವೂ ಹೌದು. ಹತ್ತಾರು ವರ್ಷ ಔಷಧ ಅರೆದು ಕೊಟ್ಟಿದ್ದ ಕಂಪೌಂಡರ್‌ಗಳನ್ನು ಡಿಪ್ಲೊಮಾ ಇಲ್ಲವೆಂದು ಮನೆಗೆ ಕಳಿಸುವುದೇ? ಕಾಯ್ದೆ ಹಾಗೆ ಮಾಡಲಿಲ್ಲ. ಪ್ರತಿ ರಾಜ್ಯದ ಮೊದಲ ನೋಂದಣಿ ಪುಸ್ತಕದಲ್ಲಿ, ವೈದ್ಯರ ಚೀಟಿಯ ಮೇಲೆ ಔಷಧ ನೀಡುವ ಕಡೆ ಕನಿಷ್ಠ ಐದು ವರ್ಷ ದುಡಿದವರಿಗೂ ಅವಕಾಶ ನೀಡಿತು. ಮುಂದೆ ಬರ್ಮಾ, ಶ್ರೀಲಂಕಾ, ಉಗಾಂಡ ಮುಂತಾದ ದೇಶಗಳಿಂದ ಗಲಭೆಗಳ ಕಾರಣ ಮರಳಿ ಬಂದ ಭಾರತೀಯ ಮೂಲದವರಿಗೂ ತಿದ್ದುಪಡಿಯ ಮೂಲಕ ಬಾಗಿಲು ತೆರೆಯಲಾಯಿತು. ಇತಿಹಾಸದ ಹಲವು ಅಲೆಗಳು ಹೀಗೆ ಒಂದು ಸರ್ಕಾರಿ ಪುಸ್ತಕದ ಪುಟಗಳೊಳಗೆ ಬಂದು ಕುಳಿತಿವೆ ಎಂಬುದು ಕುತೂಹಲದ ಸಂಗತಿ.

ಇಂದು ಹೊಸದಾಗಿ ಹೆಸರು ಸೇರಿಸಲು ಅನುಭವವೊಂದೇ ಸಾಲದು. ಹದಿನೆಂಟು ವರ್ಷ ತುಂಬಿರಬೇಕು, ರಾಜ್ಯದಲ್ಲಿ ವಾಸವಿರಬೇಕು ಅಥವಾ ಅಲ್ಲಿ ವೃತ್ತಿ ನಡೆಸುತ್ತಿರಬೇಕು, ಭಾರತೀಯ ಫಾರ್ಮಸಿ ಪರಿಷತ್ತಿನ ಮಾನ್ಯತೆ ಪಡೆದ ಶಿಕ್ಷಣ ಮುಗಿಸಿರಬೇಕು. ಅತಿ ಕಡಿಮೆ ಅರ್ಹತೆ ಎಂದರೆ ಎರಡು ವರ್ಷದ ಡಿ.ಫಾರ್ಮ್ ಮತ್ತು ಅದರ ನಂತರದ 500 ಗಂಟೆಗಳ ಪ್ರಾಯೋಗಿಕ ತರಬೇತಿ. ಬಿ.ಫಾರ್ಮ್ ಹಾಗೂ ಫಾರ್ಮ್.ಡಿ ಪದವೀಧರರೂ ಇದೇ ಪುಸ್ತಕಕ್ಕೆ ಸೇರುತ್ತಾರೆ. ಡಿಪ್ಲೊಮಾ ಮುಗಿಸಿದವರಿಗೆ ನೋಂದಣಿಗೆ ಮುನ್ನ ನಿರ್ಗಮನ ಪರೀಕ್ಷೆ ನಡೆಸುವ ನಿಯಮವನ್ನು 2022ರಲ್ಲಿ ತರಲಾಯಿತು. ಕರ್ನಾಟಕದಲ್ಲಿ ಈ ಪುಸ್ತಕವನ್ನು ಕಾಯುವ ಹೊಣೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನದು.

ಏಪ್ರಿಲ್ ಒಂದರ ಮಹತ್ವ

ನವೀಕರಣದ ಲೆಕ್ಕಾಚಾರ ಅನೇಕ ಫಾರ್ಮಾಸಿಸ್ಟರಿಗೇ ಗೊಂದಲ ಹುಟ್ಟಿಸುವಂಥದು. ಕಾಯ್ದೆಯ ಪ್ರಕಾರ, ಹೆಸರು ಮೊದಲ ಬಾರಿಗೆ ದಾಖಲಾದ ವರ್ಷದ ಮುಂದಿನ ವರ್ಷದ ಡಿಸೆಂಬರ್ 31ರವರೆಗೆ ನವೀಕರಣದ ಚಿಂತೆಯಿಲ್ಲ. ಅದರಾಚೆ ಹೆಸರು ಉಳಿಯಬೇಕಾದರೆ ವರ್ಷವರ್ಷವೂ ಶುಲ್ಕ ಸಲ್ಲಬೇಕೆಂದು ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ನಿರ್ದೇಶಿಸಬಹುದು. ಹಾಗೆ ನಿರ್ದೇಶಿಸಿದಲ್ಲಿ, ಆಯಾ ವರ್ಷದ ಶುಲ್ಕ ಅದೇ ವರ್ಷದ ಏಪ್ರಿಲ್ 1ಕ್ಕೆ ಮುನ್ನ ಸಂದಾಯವಾಗಬೇಕು. ಒಂದು ಉದಾಹರಣೆ: 2024ರ ಜೂನ್‌ನಲ್ಲಿ ನೋಂದಣಿಯಾದವರಿಗೆ 2025ರ ಡಿಸೆಂಬರ್ 31ರವರೆಗೆ ನಿರಾಳ. 2026ನೇ ಸಾಲಿನ ಶುಲ್ಕವನ್ನು 2026ರ ಮಾರ್ಚ್ 31ರೊಳಗೆ ಕಟ್ಟಬೇಕು. ನೋಂದಣಿಯಾದ ದಿನದಿಂದ ವರ್ಷ ಎಣಿಸುವವರು ಎಡವುವುದು ಇಲ್ಲಿಯೇ. ವರ್ಷಕ್ಕೊಮ್ಮೆ ಓಡಾಡುವ ಕಷ್ಟ ತಪ್ಪಿಸಲು ಹಲವು ವರ್ಷಗಳ ಶುಲ್ಕವನ್ನು ಒಟ್ಟಿಗೆ ಸ್ವೀಕರಿಸುವ ಪದ್ಧತಿಯೂ ಅನೇಕ ರಾಜ್ಯಗಳಲ್ಲಿದೆ. ಹಾಗಾಗಿ ಕೈಯಲ್ಲಿರುವ ರಸೀದಿಯ ಮೇಲೆ ಯಾವ ವರ್ಷದವರೆಗೆ ಎಂದು ನಮೂದಾಗಿದೆಯೋ ಅದೇ ನಿರ್ಣಾಯಕ.

ಹಣಕಾಸು ವರ್ಷ ಆರಂಭವಾಗುವ ದಿನವೆಂದೇ ಈ ಗಡುವನ್ನು ಇಟ್ಟಿರಬೇಕೆಂದು ಬಹಳಷ್ಟು ಜನ ಭಾವಿಸುತ್ತಾರೆ. ಕಾಯ್ದೆಯನ್ನು ಇನ್ನೂ ಕೆಲವು ಸೆಕ್ಷನ್ ಮುಂದಕ್ಕೆ ಓದಿದರೆ ಬೇರೆ ನಂಟು ಕಾಣಿಸುತ್ತದೆ. ಪ್ರತಿ ವರ್ಷ ಏಪ್ರಿಲ್ 1ರ ನಂತರ ಸಾಧ್ಯವಾದಷ್ಟು ಬೇಗ, ಆ ದಿನ ಹೇಗಿತ್ತೋ ಹಾಗೆಯೇ ನೋಂದಣಿ ಪುಸ್ತಕವನ್ನು ಮುದ್ರಿಸಬೇಕೆಂದು 40ನೇ ಸೆಕ್ಷನ್ ರಿಜಿಸ್ಟ್ರಾರರಿಗೆ ಹೇಳುತ್ತದೆ. ಆ ಮುದ್ರಿತ ಪ್ರತಿಯನ್ನು ಹಣ ಕೊಟ್ಟು ಯಾರು ಬೇಕಾದರೂ ಪಡೆಯಬಹುದು. ಅದರಲ್ಲಿ ಹೆಸರಿರುವವರು ಆ ದಿನಾಂಕದಂದು ನೋಂದಾಯಿತ ಫಾರ್ಮಾಸಿಸ್ಟರಾಗಿದ್ದರು ಎಂಬುದಕ್ಕೆ ಅದೇ ಸಾಕ್ಷ್ಯ. ಅಂದರೆ ಮಾರ್ಚ್ 31ರ ಗಡುವು ಬರೀ ಹಣ ಸಂಗ್ರಹದ ದಿನವಲ್ಲ. ರಾಜ್ಯದಲ್ಲಿ ಔಷಧ ನೀಡುವ ಅಧಿಕಾರ ಯಾರ್ಯಾರಿಗಿದೆ ಎಂಬ ವಾರ್ಷಿಕ ಎಣಿಕೆಗೆ ಮುಂಚಿನ ಹಾಜರಾತಿ. ಶಾಲೆಯಲ್ಲಿ ಹೆಸರು ಕೂಗಿದಾಗ 'ಹಾಜರ್' ಎನ್ನದಿದ್ದರೆ ಮೇಷ್ಟರು ಏನು ಬರೆದುಕೊಳ್ಳುತ್ತಾರೋ ಇಲ್ಲಿಯೂ ಅದೇ.

ಈ ಹಾಜರಾತಿಯಿಂದ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯುತ್ತದೆ. ಮೃತಪಟ್ಟವರು, ವಿದೇಶಕ್ಕೆ ಹೋಗಿ ನೆಲೆಸಿದವರು, ವೃತ್ತಿಯನ್ನೇ ಬಿಟ್ಟು ಬೇರೆ ಉದ್ಯೋಗ ಹಿಡಿದವರು ತಮ್ಮ ಹೆಸರನ್ನು ತೆಗೆಯಿರಿ ಎಂದು ಪರಿಷತ್ತಿಗೆ ಪತ್ರ ಬರೆಯುವುದು ಅಪರೂಪ. ನವೀಕರಣವೆಂಬುದಿಲ್ಲದಿದ್ದರೆ ಪುಸ್ತಕ ವರ್ಷದಿಂದ ವರ್ಷಕ್ಕೆ ಉಬ್ಬುತ್ತ ಹೋಗಿ, ಕಾಗದದಲ್ಲಷ್ಟೇ ಬದುಕಿರುವವರ ಪಟ್ಟಿಯಾಗುತ್ತಿತ್ತು.

ಗಡುವು ತಪ್ಪಿದರೆ?

ಶುಲ್ಕ ಬಾರದಿದ್ದಲ್ಲಿ ರಿಜಿಸ್ಟ್ರಾರರು ಆ ಹೆಸರನ್ನು ಪುಸ್ತಕದಿಂದ ತೆಗೆಯತಕ್ಕದ್ದು ಎಂದು ಕಾಯ್ದೆ ಹೇಳುತ್ತದೆ. 'ತೆಗೆಯಬಹುದು' ಎಂದಲ್ಲ, 'ತೆಗೆಯತಕ್ಕದ್ದು'. ವೃತ್ತಿಯಲ್ಲಿ ದುರ್ನಡತೆ ತೋರಿದವರ ಹೆಸರು ತೆಗೆಯುವುದಕ್ಕೆ 36ನೇ ಸೆಕ್ಷನ್ನಿನಲ್ಲಿ ಪ್ರತ್ಯೇಕ ವಿಧಾನವಿದೆ. ಅಲ್ಲಿ ವಿಚಾರಣೆ ಉಂಟು, ವಾದ ಮಂಡಿಸುವ ಅವಕಾಶ ಉಂಟು, ಕಾರ್ಯಕಾರಿ ಸಮಿತಿಯ ಆದೇಶಕ್ಕೆ ಪರಿಷತ್ತಿನ ಸ್ಥಿರೀಕರಣ ಬೇಕು. ಶುಲ್ಕ ತಪ್ಪಿಸಿದವರ ಮಟ್ಟಿಗೆ ಇಷ್ಟು ಸುದೀರ್ಘ ಕ್ರಮವನ್ನು ಕಾಯ್ದೆ ಹೇಳಿಲ್ಲ. ವಿಪರ್ಯಾಸವೆಂದರೆ ಕಳಪೆ ನಡತೆಯವನಿಗಿಂತ ಮರೆವಿನವನ ಹೆಸರು ಸುಲಭವಾಗಿ ಅಳಿಸಿಹೋಗುತ್ತದೆ. ಸಮಾಧಾನದ ಸಂಗತಿಯೂ ಇದೆ. ಹೀಗೆ ತೆಗೆದ ಹೆಸರನ್ನು ನಿಗದಿತ ಷರತ್ತುಗಳಿಗೆ ಒಳಪಟ್ಟು ಮರಳಿ ಸೇರಿಸಬಹುದೆಂದು ಅದೇ ಸೆಕ್ಷನ್ ಹೇಳುತ್ತದೆ. ಬಾಕಿ ಶುಲ್ಕ ಮತ್ತು ಮರುಸೇರ್ಪಡೆಯ ಶುಲ್ಕ ಕಟ್ಟಿ ಅರ್ಜಿ ಹಾಕುವುದು ಸಾಮಾನ್ಯ ಕ್ರಮ. ಮೊತ್ತಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆಗಾಗ ಪರಿಷ್ಕರಣೆಯಾಗುವಂಥವು. ಆದ್ದರಿಂದ ಪರಿಚಯಸ್ಥರ ಮಾತು ನಂಬುವ ಬದಲು ಪರಿಷತ್ತಿನ ಅಧಿಕೃತ ಪ್ರಕಟಣೆಯನ್ನೇ ನೋಡುವುದು ಕ್ಷೇಮ.

ಆದರೆ ಹೆಸರು ಅಳಿಸಿಹೋದ ದಿನಕ್ಕೂ ಮರಳಿ ಸೇರಿದ ದಿನಕ್ಕೂ ನಡುವಿನ ಅವಧಿಯೇ ಅಪಾಯದ್ದು. ನೋಂದಾಯಿತ ಫಾರ್ಮಾಸಿಸ್ಟ್ ಅಲ್ಲದವರು ವೈದ್ಯರ ಚೀಟಿಯ ಮೇಲೆ ಔಷಧ ತಯಾರಿಸುವುದನ್ನು, ಬೆರೆಸುವುದನ್ನು, ವಿತರಿಸುವುದನ್ನು 42ನೇ ಸೆಕ್ಷನ್ ನಿಷೇಧಿಸಿ ಶಿಕ್ಷಾರ್ಹ ಅಪರಾಧವೆಂದಿದೆ. ವೈದ್ಯರು ತಮ್ಮದೇ ರೋಗಿಗಳಿಗೆ ಔಷಧ ಕೊಡುವುದಕ್ಕೆ ಇದರಲ್ಲಿ ವಿನಾಯಿತಿಯಿದೆ. ಹೆಸರು ಪುಸ್ತಕದಲ್ಲಿಲ್ಲದಿದ್ದರೂ ಇದೆಯೆಂದು ಸುಳ್ಳಾಗಿ ತೋರಿಸಿಕೊಳ್ಳುವುದು 41ನೇ ಸೆಕ್ಷನ್ನಿನ ವ್ಯಾಪ್ತಿಗೆ ಬರುತ್ತದೆ. ಫಾರ್ಮಾಸಿಸ್ಟ್, ಕೆಮಿಸ್ಟ್, ಡ್ರಗಿಸ್ಟ್, ಡಿಸ್ಪೆನ್ಸರ್ ಎಂಬ ಪದಗಳನ್ನು ಹೆಸರಿನೊಡನೆ ಬಳಸುವುದನ್ನೂ ಈ ದೃಷ್ಟಿಯಿಂದಲೇ ನೋಡಲಾಗುತ್ತದೆ. ಯಾರಾದರೂ ಅದರಿಂದ ಮೋಸಹೋದರೇ ಇಲ್ಲವೇ ಎಂಬ ಪ್ರಶ್ನೆಯೇ ಅಲ್ಲಿ ಮುಖ್ಯವಲ್ಲ. 'ಆ ಹೊತ್ತಿಗೆ' ಪುಸ್ತಕದಲ್ಲಿ ಹೆಸರಿತ್ತೇ ಎಂಬುದೊಂದೇ ಪ್ರಶ್ನೆ. ಮೂವತ್ತು ವರ್ಷದ ಅನುಭವವಿದ್ದವರಿಗೂ ಈ ಮಾತು ಅನ್ವಯ.

ಇನ್ನು ಅಂಗಡಿಯ ಕಥೆ ಬೇರೆ. ಚಿಲ್ಲರೆ ಔಷಧ ಮಾರಾಟದ ಪರವಾನಗಿಗಳು 1945ರ ಔಷಧ ನಿಯಮಗಳ ಅಡಿಯಲ್ಲಿ ನಮೂನೆ 20 ಮತ್ತು 21ರಲ್ಲಿ ದೊರೆಯುತ್ತವೆ. 2017ರ ಅಕ್ಟೋಬರ್‌ನಲ್ಲಿ ಆದ ತಿದ್ದುಪಡಿಯ ನಂತರ ಈ ಪರವಾನಗಿಗಳಿಗೆ ಅವಧಿ ಮುಗಿಯುವ ದಿನವಿಲ್ಲ. ಐದು ವರ್ಷಕ್ಕೊಮ್ಮೆ ಧಾರಣಾ ಶುಲ್ಕ ಕಟ್ಟಿದರಾಯಿತು. ಇದರಿಂದ ಒಂದು ತಪ್ಪು ಕಲ್ಪನೆ ಹುಟ್ಟಿದೆ. 'ಲೈಸೆನ್ಸ್ ಶಾಶ್ವತವಾಗಿದೆ, ಇನ್ನೇನು ನವೀಕರಣ?' ಎಂದು ಅಂಗಡಿ ಮಾಲೀಕರು ಕೇಳುವುದುಂಟು. ಶಾಶ್ವತವಾದದ್ದು ಅಂಗಡಿಯ ಪರವಾನಗಿ, ಅಲ್ಲಿ ನಿಂತ ಫಾರ್ಮಾಸಿಸ್ಟರ ನೋಂದಣಿಯಲ್ಲ. ವೈದ್ಯರ ಚೀಟಿಯ ಮೇಲಿನ ಔಷಧವನ್ನು ನೋಂದಾಯಿತ ಫಾರ್ಮಾಸಿಸ್ಟ್ ಸ್ವತಃ ಅಥವಾ ಅವರ ಖುದ್ದು ಮೇಲ್ವಿಚಾರಣೆಯಲ್ಲಿಯೇ ನೀಡಬೇಕೆಂದು 65ನೇ ನಿಯಮ ವಿಧಿಸುತ್ತದೆ. ಔಷಧ ಪರಿವೀಕ್ಷಕರು ಬಂದಾಗ ಫಾರ್ಮಾಸಿಸ್ಟರ ನವೀಕರಣ ರಸೀದಿ ಇಲ್ಲವೆಂದಾದರೆ, ಆ ಲೋಪ ಅಂಗಡಿಯ ಪರವಾನಗಿಯ ಮೇಲೆ ಬೀಳುತ್ತದೆ. ಅಮಾನತು ಮಾಡುವ, ರದ್ದುಗೊಳಿಸುವ ಅಧಿಕಾರ ಪರವಾನಗಿ ಪ್ರಾಧಿಕಾರಕ್ಕಿದೆ. ಮಾಲೀಕ ಒಬ್ಬ, ಫಾರ್ಮಾಸಿಸ್ಟ್ ಇನ್ನೊಬ್ಬ ಆಗಿರುವ ಅಂಗಡಿಗಳಲ್ಲಿ ಒಬ್ಬರ ಮರೆವಿಗೆ ಇಬ್ಬರ ಜೀವನೋಪಾಯ ಅಲುಗಾಡುವುದು ಹೀಗೆ.

ಬಾಡಿಗೆಗೆ ದೊರೆಯುವ ಪ್ರಮಾಣಪತ್ರ

ನವೀಕರಣದ ಬಗ್ಗೆ ಬರೆಯುವಾಗ ಒಂದು ಬಹಿರಂಗ ರಹಸ್ಯವನ್ನು ಬಿಟ್ಟು ಮುಂದೆ ಹೋಗಲಾಗದು. ಫಾರ್ಮಾಸಿಸ್ಟ್ ಪ್ರಮಾಣಪತ್ರವನ್ನು ತಿಂಗಳಿಗಿಷ್ಟು ಎಂದು ಅಂಗಡಿಗೆ ಬಾಡಿಗೆ ಕೊಡುವ ದಂಧೆ ದೇಶದಾದ್ಯಂತ ನಡೆದುಬಂದಿದೆ. ಕಾಗದ ಒಂದು ಊರಿನ ಗೋಡೆಯ ಮೇಲೆ, ಅದರ ಒಡೆಯ ಇನ್ನೊಂದು ಊರಿನ ಕಚೇರಿಯಲ್ಲಿ. ಮಾತ್ರೆ ಎಣಿಸಿಕೊಡುವವನು ಹತ್ತನೆಯ ತರಗತಿ ಮುಗಿಸಿದ ಹುಡುಗ. ಎರಡೂ ಕಡೆಯವರಿಗೆ ಲಾಭವೆಂದು ತೋರುವ ಈ ವ್ಯವಹಾರದಲ್ಲಿ ನಷ್ಟ ಯಾರದೆಂದು ಹೇಳಬೇಕಾಗಿಲ್ಲ.

ಬಿಹಾರದಲ್ಲಿ ನಕಲಿ ಫಾರ್ಮಾಸಿಸ್ಟರ ಹಾವಳಿಯ ಬಗೆಗಿನ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2022ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ಎಂ. ಆರ್. ಶಾ ಮತ್ತು ನ್ಯಾಯಮೂರ್ತಿ ಎಂ. ಎಂ. ಸುಂದರೇಶ್ ಅವರ ಪೀಠವು, ಅರ್ಜಿಯನ್ನು ವಿಲೇವಾರಿ ಮಾಡಿದ್ದ ಪಟ್ನಾ ಹೈಕೋರ್ಟಿನ ಆದೇಶವನ್ನು ಬದಿಗಿರಿಸಿ, ಪ್ರಕರಣವನ್ನು ಮತ್ತೆ ವಿಚಾರಣೆಗೆ ಕಳುಹಿಸಿತು. ಆಸ್ಪತ್ರೆ ಹಾಗೂ ಔಷಧ ಅಂಗಡಿಗಳು ನಕಲಿ ಫಾರ್ಮಾಸಿಸ್ಟರ ಕೈಯಲ್ಲಿ ನಡೆಯದಂತೆ ನೋಡಿಕೊಳ್ಳುವುದು ರಾಜ್ಯ ಸರ್ಕಾರ ಮತ್ತು ರಾಜ್ಯ ಫಾರ್ಮಸಿ ಪರಿಷತ್ತಿನ ಕರ್ತವ್ಯವೆಂದು ಪೀಠ ಸ್ಪಷ್ಟಪಡಿಸಿತು. ದೂರು ಬಂದರೆ ನೋಡೋಣ ಎಂದು ಪರಿಷತ್ತು ಸುಮ್ಮನೆ ಕೂರುವಂತಿಲ್ಲ ಎಂಬುದು ಇದರ ತಾತ್ಪರ್ಯ.

ಈ ದಂಧೆಗೂ ನವೀಕರಣಕ್ಕೂ ಇರುವ ಸಂಬಂಧ ನೋಂದಣಿ ಪುಸ್ತಕದ ಅಂಕಣಗಳಲ್ಲೇ ಅಡಗಿದೆ. ಪುಸ್ತಕದಲ್ಲಿ ಏನೇನಿರಬೇಕೆಂದು 29ನೇ ಸೆಕ್ಷನ್ ಹೇಳುತ್ತದೆ: ಪೂರ್ಣ ಹೆಸರು ಮತ್ತು ಮನೆಯ ವಿಳಾಸ, ಮೊದಲು ಸೇರಿದ ದಿನಾಂಕ, ವಿದ್ಯಾರ್ಹತೆ, ವೃತ್ತಿ ನಡೆಸುವ ಸ್ಥಳದ ವಿಳಾಸ, ಬೇರೊಬ್ಬರ ಬಳಿ ಕೆಲಸದಲ್ಲಿದ್ದರೆ ಆ ಮಾಲೀಕರ ಹೆಸರು. 1948ರಲ್ಲಿ ಈ ಕಾಯ್ದೆಯನ್ನು ರೂಪಿಸಿದವರು ಫಾರ್ಮಾಸಿಸ್ಟ್ ಯಾರು ಎಂಬುದರ ಜೊತೆಗೆ ಎಲ್ಲಿದ್ದಾರೆ, ಯಾರ ಬಳಿ ದುಡಿಯುತ್ತಾರೆ ಎಂಬುದನ್ನೂ ದಾಖಲಿಸಲು ಬಯಸಿದ್ದರು. ಈ ಕೊನೆಯ ಎರಡು ಅಂಕಣಗಳು ನಿಜವಾಗಿ ತುಂಬಿದ್ದರೆ ಒಂದೇ ಪ್ರಮಾಣಪತ್ರ ಎರಡು ಗೋಡೆಗಳ ಮೇಲೆ ನೇತಾಡುವುದು ಕಷ್ಟ. ಕೆಲಸ ಬದಲಾದಾಗ ಪರಿಷತ್ತಿಗೆ ತಿಳಿಸುವವರು ಕಡಿಮೆ. ಹಾಗಾಗಿ ಆ ಅಂಕಣಗಳನ್ನು ತಿದ್ದಿಕೊಳ್ಳಲು ಎಲ್ಲರಿಗೂ ತಪ್ಪದೆ ಸಿಗುವ ಸಂದರ್ಭವೆಂದರೆ ನವೀಕರಣವೇ. ಶುಲ್ಕ ಕಟ್ಟಿ, ವಿಳಾಸದ ಅಂಕಣವನ್ನು ಹಳೆಯದರಂತೆ ಬಿಟ್ಟು ಬರುವವರು ಅರ್ಧ ಕೆಲಸವನ್ನಷ್ಟೇ ಮುಗಿಸಿರುತ್ತಾರೆ.

ಕೆಲಸ ಬಿಟ್ಟು ಬಂದ ಅಂಗಡಿಯಲ್ಲಿ ಪ್ರಮಾಣಪತ್ರದ ಪ್ರತಿ ಉಳಿದುಹೋಗುವುದು ಇನ್ನೊಂದು ಅಪಾಯ. ಆ ಅಂಗಡಿಯಲ್ಲಿ ಮುಂದೆ ಲೋಪ ನಡೆದರೆ ಮೊದಲು ನೋಟಿಸ್ ಬರುವುದು ಕಾಗದದಲ್ಲಿ ಹೆಸರಿರುವವರಿಗೆ. ರಾಜೀನಾಮೆಯನ್ನು ಮಾಲೀಕರಿಗೆ ಮಾತ್ರವಲ್ಲದೆ ಔಷಧ ನಿಯಂತ್ರಣಾಧಿಕಾರಿಗಳ ಕಚೇರಿಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದಿಟ್ಟುಕೊಂಡವರು ಇಂಥ ಪ್ರಸಂಗಗಳಲ್ಲಿ ಪಾರಾಗುತ್ತಾರೆ.

ಹಣವಷ್ಟೇ ಸಾಲದು, ಕಲಿಕೆಯೂ ಬೇಕು

ಮೂಲ ಕಾಯ್ದೆಯಲ್ಲಿ ನವೀಕರಣಕ್ಕೆ ಶುಲ್ಕವೊಂದೇ ಷರತ್ತಾಗಿತ್ತು. 1950ರಲ್ಲಿ ಕಲಿತವನು ಅದೇ ಜ್ಞಾನದಿಂದ 1980ರಲ್ಲೂ ಔಷಧ ಕೊಡಬಹುದಿತ್ತು. ಭಾರತೀಯ ಫಾರ್ಮಸಿ ಪರಿಷತ್ತು 2015ರ ಜನವರಿಯಲ್ಲಿ ಜಾರಿಗೆ ತಂದ ಫಾರ್ಮಸಿ ವೃತ್ತಿ ನಿಯಮಾವಳಿ ಇದನ್ನು ಬದಲಿಸಿತು. ನವೀಕರಣ ಬಯಸುವವರು ಐದು ವರ್ಷಗಳ ಅವಧಿಯಲ್ಲಿ ಕನಿಷ್ಠ ಒಂದು ದಿನದ ಎರಡು ಪುನಶ್ಚೇತನ ಶಿಬಿರಗಳಲ್ಲಿ ಭಾಗವಹಿಸಿರಬೇಕೆಂದು ಅದು ಹೇಳುತ್ತದೆ. ಕರ್ತವ್ಯದ ವೇಳೆ ಬಿಳಿ ಮೇಲಂಗಿ ಧರಿಸಿ, ಹೆಸರು ಮತ್ತು ನೋಂದಣಿ ಸಂಖ್ಯೆಯಿರುವ ಬಿಲ್ಲೆ ಹಾಕಿಕೊಳ್ಳಬೇಕೆಂಬುದೂ, ರೋಗಿಗೆ ಔಷಧದ ಬಳಕೆಯ ಬಗ್ಗೆ ಸಲಹೆ ನೀಡಬೇಕೆಂಬುದೂ ಇದೇ ನಿಯಮಾವಳಿಯಲ್ಲಿವೆ. ಬಿಳಿ ಮೇಲಂಗಿಯ ಫಾರ್ಮಾಸಿಸ್ಟರನ್ನು ಎಷ್ಟು ಅಂಗಡಿಗಳಲ್ಲಿ ಕಂಡಿದ್ದೇವೆ ಎಂಬುದನ್ನು ಓದುಗರೇ ನೆನಪಿಸಿಕೊಳ್ಳಬಹುದು.

ಐದು ವರ್ಷಕ್ಕೆ ಎರಡು ದಿನ ಎಂಬುದು ಭಾರವಾದ ಷರತ್ತೇನಲ್ಲ. ಹೋಲಿಕೆಗೆ ವೈದ್ಯರನ್ನು ನೋಡಬಹುದು. 2002ರ ವೈದ್ಯಕೀಯ ನೀತಿಸಂಹಿತೆ ಅವರಿಗೆ ಐದು ವರ್ಷಕ್ಕೆ 30 ಗಂಟೆಗಳ ಮುಂದುವರಿದ ಶಿಕ್ಷಣವನ್ನು ಸೂಚಿಸಿತ್ತು. ಬ್ರಿಟನ್ನಿನ ಫಾರ್ಮಾಸಿಸ್ಟರಿಗೆ 2018ರಿಂದ ಪ್ರತಿ ವರ್ಷವೂ ಆರು ದಾಖಲೆಗಳನ್ನು ಸಲ್ಲಿಸುವ ಪದ್ಧತಿ ಬಂತು. ನಾಲ್ಕು ಕಲಿಕೆಯವು, ಒಂದು ಸಹೋದ್ಯೋಗಿಯೊಡನೆ ನಡೆಸಿದ ಚರ್ಚೆಯದು, ಇನ್ನೊಂದು ತನ್ನದೇ ಕೆಲಸದ ಅವಲೋಕನ. ಶಿಬಿರದಲ್ಲಿ ಸಹಿ ಹಾಕಿ ಊಟ ಮುಗಿಸಿ ಬರುವ ಅಭ್ಯಾಸಕ್ಕೆ ಅಲ್ಲಿ ಎಡೆಯಿಲ್ಲ.

ಕಲಿಕೆ ಏಕೆ ಬೇಕೆಂಬುದಕ್ಕೆ ಒಂದೇ ನಿದರ್ಶನ ಸಾಕು. 2013ರ ಆಗಸ್ಟ್‌ನಲ್ಲಿ ಪ್ರಕಟವಾಗಿ 2014ರ ಮಾರ್ಚ್ 1ರಿಂದ ಜಾರಿಯಾದ 'ಎಚ್1' ಅನುಸೂಚಿಯಲ್ಲಿ 46 ಔಷಧಗಳಿದ್ದವು. ಹೊಸ ಪೀಳಿಗೆಯ ಪ್ರಬಲ ಆಂಟಿಬಯಾಟಿಕ್‌ಗಳು, ಕ್ಷಯರೋಗದ ಔಷಧಗಳು, ಚಟ ಹಿಡಿಸಬಲ್ಲ ಕೆಲವು ಔಷಧಗಳು ಅದರಲ್ಲಿ ಸೇರಿದ್ದವು. ಇವನ್ನು ಮಾರುವಾಗ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಇವೆಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. 2014ಕ್ಕೆ ಮುಂಚೆ ಡಿಪ್ಲೊಮಾ ಮುಗಿಸಿದ ಯಾರೂ ಇದನ್ನು ತರಗತಿಯಲ್ಲಿ ಕಲಿತಿರಲು ಸಾಧ್ಯವಿಲ್ಲ. ಕೆಮ್ಮಿಗೆಂದು ಬಂದವರಿಗೆ ಚೀಟಿಯಿಲ್ಲದೆ ಮೂರು ಮಾತ್ರೆ ಆಂಟಿಬಯಾಟಿಕ್ ಕತ್ತರಿಸಿಕೊಟ್ಟರೆ ಔಷಧಕ್ಕೆ ಬಗ್ಗದ ರೋಗಾಣುಗಳು ಹೇಗೆ ಬೆಳೆಯುತ್ತವೆಂಬುದು ಗೊತ್ತಿರಬೇಕಾದವರು ಕೌಂಟರ್‌ನಲ್ಲಿ ನಿಂತವರೇ.

ಊರು ಬಿಟ್ಟವರ ಪಾಡು

ರಾಜ್ಯ ಬದಲಾಯಿಸುವವರಿಗೆ ಕಾಯ್ದೆ ಸಾಕಷ್ಟು ಉದಾರವಾಗಿದೆ. ಒಂದು ರಾಜ್ಯದಲ್ಲಿ ನೋಂದಾಯಿತರಾದವರು ಆ ಆಧಾರದ ಮೇಲೆಯೇ ಇನ್ನೊಂದು ರಾಜ್ಯದ ಪುಸ್ತಕಕ್ಕೆ ಸೇರಲು ಅರ್ಹರು. ಹುಬ್ಬಳ್ಳಿಯಲ್ಲಿ ಓದಿ ಪುಣೆಯಲ್ಲಿ ನೆಲೆಸಿದವರು ಮತ್ತೆ ಪರೀಕ್ಷೆ ಬರೆಯಬೇಕಾಗಿಲ್ಲ. ಆದರೆ ಮೂಲ ರಾಜ್ಯದ ನೋಂದಣಿ ಚಾಲ್ತಿಯಲ್ಲಿರಬೇಕು. ಅಲ್ಲಿ ಹೆಸರು ಅಳಿಸಿಹೋಗಿದ್ದರೆ ಮೊದಲು ಅದನ್ನು ಮರಳಿ ಸೇರಿಸಿಕೊಂಡು ಬರಬೇಕಾದ ಸುತ್ತಾಟ.

ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರಿಗೆ ಇದು ಇನ್ನೂ ದುಬಾರಿ ಪಾಠ. ಕರಾವಳಿಯಿಂದ ದುಬೈ, ದೋಹಾ, ಕುವೈತ್‌ಗಳ ಆಸ್ಪತ್ರೆ ಮತ್ತು ಔಷಧಾಲಯಗಳಿಗೆ ಹೋಗುವ ಹುಡುಗ ಹುಡುಗಿಯರು ಕಡಿಮೆಯಿಲ್ಲ. ಅಲ್ಲಿನ ಪ್ರಾಧಿಕಾರಗಳು ತವರಿನ ಪರಿಷತ್ತಿನಿಂದ ಸನ್ನಡತೆಯ ಪ್ರಮಾಣಪತ್ರ ಕೇಳುತ್ತವೆ, ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ಮೂರನೆಯ ಸಂಸ್ಥೆಗಳ ಮೂಲಕ ಪರಿಶೀಲಿಸುತ್ತವೆ. ನವೀಕರಣ ತಪ್ಪಿದ್ದು ವೀಸಾ ಅರ್ಜಿಯ ಹೊತ್ತಿನಲ್ಲಿ ಗೊತ್ತಾದರೆ ಕೈಗೆ ಬಂದ ಕೆಲಸ ಜಾರಿಹೋಗುವ ಸಂಭವವುಂಟು. ಹೊರದೇಶದಲ್ಲಿದ್ದುಕೊಂಡು 'ಇಲ್ಲಿಯ ಲೈಸೆನ್ಸ್ ಇದೆಯಲ್ಲ, ಅಲ್ಲಿಯದು ಏಕೆ?' ಎಂದು ಬಿಟ್ಟವರು ಹತ್ತು ವರ್ಷದ ಮೇಲೆ ಊರಿಗೆ ಮರಳಿ ಅಂಗಡಿ ತೆರೆಯಲು ಹೊರಟಾಗ ತಮ್ಮ ಹೆಸರೇ ಪುಸ್ತಕದಲ್ಲಿಲ್ಲದ್ದನ್ನು ಕಾಣಬೇಕಾಗುತ್ತದೆ.

ಹೆಸರು ಅಳಿಸಿಹೋದವರು ಕಳೆದುಕೊಳ್ಳುವ, ಆದರೆ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಹಕ್ಕಿದೆ, ಅದು ಮತ. ರಾಜ್ಯ ಪರಿಷತ್ತಿನ ಆರು ಸದಸ್ಯರನ್ನು ನೋಂದಾಯಿತ ಫಾರ್ಮಾಸಿಸ್ಟರು ತಮ್ಮೊಳಗಿಂದಲೇ ಆರಿಸಬೇಕು. ಐವರನ್ನು ಸರ್ಕಾರ ನಾಮಕರಣ ಮಾಡುತ್ತದೆ. ಶುಲ್ಕ ಹೆಚ್ಚಾಯಿತು, ಶಿಬಿರ ದೂರವಾಯಿತು ಎಂದು ಗೊಣಗುವವರು ಆ ಮಾತನ್ನು ಪರಿಷತ್ತಿನೊಳಗೆ ಹೇಳಿಸಬೇಕಾದರೆ ಮೊದಲು ಮತದಾರರ ಪಟ್ಟಿಯಲ್ಲಿರಬೇಕು. ಆ ಪಟ್ಟಿಗೂ ಆಧಾರ ಇದೇ ನೋಂದಣಿ ಪುಸ್ತಕ.

ಕಾಗದಗಳ ಜೋಡಣೆ

ನವೀಕರಣಕ್ಕೆ ಹೊರಡುವ ಮುನ್ನ ಗಮನಿಸಬೇಕಾದ ಸಂಗತಿಗಳು ಹೆಚ್ಚೇನಿಲ್ಲ. ಮೂಲ ನೋಂದಣಿ ಪ್ರಮಾಣಪತ್ರ, ಹಿಂದಿನ ನವೀಕರಣದ ರಸೀದಿ, ಗುರುತಿನ ಮತ್ತು ವಿಳಾಸದ ದಾಖಲೆ, ಪುನಶ್ಚೇತನ ಶಿಬಿರದ ಪ್ರಮಾಣಪತ್ರ ಕೈಯಲ್ಲಿರಲಿ. ಮದುವೆಯ ನಂತರ ಹೆಸರು ಬದಲಿಸಿಕೊಂಡ ಮಹಿಳೆಯರಿಗೆ, ಅಂಕಪಟ್ಟಿಯಲ್ಲೊಂದು ಆಧಾರ್‌ನಲ್ಲೊಂದು ಇನಿಷಿಯಲ್ ಇರುವವರಿಗೆ ತೊಡಕು ಬರುವುದು ಕೊನೆಯ ವಾರದಲ್ಲಿ. ಹೆಸರಿನ ತಿದ್ದುಪಡಿಗೆ ಬೇರೆ ಅರ್ಜಿ ಬೇಕಾದೀತು, ಅದನ್ನು ಮಾರ್ಚ್‌ಗೆ ಮುಂಚೆಯೇ ಮುಗಿಸುವುದು ಜಾಣತನ. ಡಿ.ಫಾರ್ಮ್ ಮೇಲೆ ನೋಂದಣಿಯಾಗಿ ಆಮೇಲೆ ಬಿ.ಫಾರ್ಮ್ ಮುಗಿಸಿದವರು ಹೆಚ್ಚುವರಿ ಅರ್ಹತೆಯನ್ನು ದಾಖಲಿಸಿಕೊಳ್ಳಲು 35ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಪ್ರಮಾಣಪತ್ರ ಕಳೆದುಹೋಗಿದ್ದರೆ ಅಥವಾ ಗೆದ್ದಲು ತಿಂದಿದ್ದರೆ ಶುಲ್ಕ ಕಟ್ಟಿ ನಕಲು ಪಡೆಯಬಹುದು. ಅಂತರಜಾಲದಲ್ಲಿ ಹಣ ಕಟ್ಟುವವರು ಬ್ಯಾಂಕಿನ ಸಂದೇಶ ಬಂದ ಕೂಡಲೇ ಕೆಲಸ ಮುಗಿಯಿತೆಂದು ಕೂರಬಾರದು. ಕಾಯ್ದೆಯ ದೃಷ್ಟಿಯಲ್ಲಿ ನವೀಕರಣಕ್ಕೆ ಪುರಾವೆ ರಿಜಿಸ್ಟ್ರಾರರು ನೀಡುವ ರಸೀದಿಯೇ ಹೊರತು ಖಾತೆಯಿಂದ ಹಣ ಕಡಿತವಾದದ್ದಲ್ಲ. ಮಧ್ಯವರ್ತಿಗಳ ಕೈಗೆ ಮೂಲ ಪ್ರಮಾಣಪತ್ರ ಕೊಟ್ಟು ಬರುವವರೂ ಇದ್ದಾರೆ. ಬಾಡಿಗೆ ದಂಧೆಗೆ ಸರಕು ಎಲ್ಲಿಂದ ಒದಗುತ್ತದೆ ಎಂಬ ಪ್ರಶ್ನೆಗೆ ಇದೂ ಒಂದು ಉತ್ತರ ಇದ್ದೀತು.

1948ರ ಕಾಯ್ದೆಯ ಜಾಗದಲ್ಲಿ ರಾಷ್ಟ್ರೀಯ ಫಾರ್ಮಸಿ ಆಯೋಗವನ್ನು ತರುವ ಮಸೂದೆಯ ಕರಡನ್ನು ಕೇಂದ್ರ ಆರೋಗ್ಯ ಸಚಿವಾಲಯ 2023ರ ನವೆಂಬರ್‌ನಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟಿತ್ತು. ಕರಡು ಕಾನೂನಲ್ಲ. ಅದನ್ನು ಕಾರಣವಾಗಿಟ್ಟುಕೊಂಡು ಈ ಸಾಲಿನ ಶುಲ್ಕ ನಿಲ್ಲಿಸಿದವರ ಹೆಸರಿಗೆ ರಕ್ಷಣೆಯೇನೂ ಇಲ್ಲ. ಹೊಸ ರಸೀದಿ ಕೈಗೆ ಬಂದ ಮೇಲೆ ಅದರ ಒಂದು ಪ್ರತಿಯನ್ನು ಗೋಡೆಯ ಚೌಕಟ್ಟಿನಲ್ಲಿ ಪ್ರಮಾಣಪತ್ರದ ಪಕ್ಕಕ್ಕೂ, ಇನ್ನೊಂದನ್ನು ಮನೆಯಲ್ಲೂ ಇಟ್ಟುಕೊಳ್ಳುವುದು ಹಳೆಯ ಫಾರ್ಮಾಸಿಸ್ಟರ ರೂಢಿ. ಗ್ರಾಹಕರು ಮುಂದಿನ ಬಾರಿ ಔಷಧ ಅಂಗಡಿಗೆ ಹೋದಾಗ ಆ ಚೌಕಟ್ಟಿನಲ್ಲಿರುವ ಹೆಸರನ್ನು ಓದಿ, ಅವರು ಒಳಗಿದ್ದಾರೆಯೇ ಎಂದು ಕೇಳಬಹುದು. ಹಾಗೆ ಕೇಳಬಾರದೆಂದು ಯಾವ ಕಾಯ್ದೆಯೂ ಹೇಳಿಲ್ಲ.